ಎಲ್ಲವನ್ನೂ ಎರಡು ಸಲ ಹೇಳುವ ಭಾಗಣ್ಣ ಕಾಕಾ

ನಮ್ಮ ಭಾಗಣ್ಣ ಕಾಕಾನಿಗೆ ಮರೆವಿನ ಕಾಯಿಲೆ ಶುರುವಾಗಿರಬಹುದು ಎಂದು ಒಂದು ಫೋನು ಹೇಳಿತು. ಆ ಫೋನನ್ನು ಅವನ ಬಾಯಿಯ ಮುಂದೆ ಹಿಡಿದವಳು ನಾನೇ, ಅವನ ಸ್ವಂತ ಅಣ್ಣನ ಮಗಳು.

ನಾನು ರೇವತಿ, ಭೀಮರಾಯನಗುಡಿಯಲ್ಲಿ ಆಶಾ ಕಾರ್ಯಕರ್ತೆ. ಸಂಕ್ರಾಂತಿ ಮುಗಿದ ವಾರ ಹೈದರಾಬಾದಿನ ಕಡೆಯಿಂದ ಒಂದು ಸಂಶೋಧನೆಯ ತಂಡ ಬಂದು ನಮಗೆಲ್ಲ ಒಂದೊಂದು ದೊಡ್ಡ ಫೋನು ಕೊಟ್ಟಿತು. ಅರವತ್ತು ದಾಟಿದವರನ್ನು ಕೂರಿಸಿ ಐದು ನಿಮಿಷ ಮಾತಾಡಿಸಬೇಕು. ಮೊದಲು ಒಂದು ಚಿತ್ರ ತೋರಿಸಿ ಅದರಲ್ಲಿ ಏನೇನು ನಡೆದಿದೆ ಎಂದು ಕೇಳಬೇಕು, ಆಮೇಲೆ ಹಳೆಯ ಕಾಲದ ಸಂಗತಿ ಒಂದನ್ನು ಹೇಳಿಸಬೇಕು. ಫೋನಿಗೆ ನಿಮ್ಮ ಕಥೆಯೇನೂ ಬೇಕಿಲ್ಲ. ಎಲ್ಲಿ ನಿಂತಿರಿ, ಎಷ್ಟು ಹೊತ್ತು ನಿಂತಿರಿ, ಯಾವ ಮಾತಿಗಾಗಿ ತಡಕಾಡಿದಿರಿ, ಹೇಳಿದ್ದನ್ನೇ ಎಷ್ಟು ಸಲ ಹೇಳಿದಿರಿ ಎಂಬುದನ್ನು ಅದು ಗಮನಿಸುತ್ತದೆ. ಕೊನೆಗೆ ಹಸಿರು, ಹಳದಿ ಇಲ್ಲವೇ ಕೆಂಪು ಬಣ್ಣ ತೋರಿಸುತ್ತದೆ. ಕೆಂಪು ಬಂದವರನ್ನು ಯಾದಗಿರಿಯ ಡಾಕ್ಟರ ಹತ್ತಿರ ಕಳಿಸಬೇಕು. ನಮ್ಮ ಮೇಲ್ವಿಚಾರಕಿ ಅರ್ಜುಮಂದ ಮೇಡಂ ಮೊದಲ ದಿನವೇ ತಾಕೀತು ಮಾಡಿದ್ದರು. "ಇದು ರೋಗ ಹೇಳಂಗಿಲ್ಲ, ಅನುಮಾನ ಹೇಳ್ತದ ಅಷ್ಟ. ಯಾರ ಮನ್ಯಾಗೂ ಹೋಗಿ ನಿಮಗ ಹಿಂಗಾಗ್ಯಾದ ಅಂತ ಬಾಯಿ ಬಿಡಬ್ಯಾಡ್ರಿ."

ಬೇರೆಯವರು ಗೊಣಗುತ್ತ ಒಪ್ಪಿಕೊಂಡ ಕೆಲಸವನ್ನು ನಾನು ಕೇಳಿ ಪಡೆದೆ. ಕಾರಣ ತೀರಿಹೋದ ನನ್ನ ಅಪ್ಪ ಸಾಬಣ್ಣ. ಶಹಾಪುರದ ಅಡತ್ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಮಂಡಿಯಲ್ಲಿ, ನಲವತ್ತು ವರ್ಷ ಹತ್ತಿ ತೂಗಿದವನು. ಕೊನೆಕೊನೆಗೆ ಮಾತಿಗೆ ತಡವರಿಸುತ್ತಿದ್ದ, ವಯಸ್ಸಾಯಿತು ಬಿಡು ಎಂದುಕೊಂಡೆವು. ಒಂದು ದಿನ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ತನ್ನ ಊರು ಯಾವುದು ಎಂದು ಕಂಡಕ್ಟರನನ್ನು ಕೇಳಿದ. ಸುತ್ತಲಿದ್ದ ಮಂದಿ ನಕ್ಕರು. ಅವನ ಜೊತೆಗಿದ್ದ ಭಾಗಣ್ಣ ಕಾಕಾ ತಲೆ ತಗ್ಗಿಸಿಕೊಂಡು ಅಣ್ಣನ ಕೈ ಹಿಡಿದು ಮನೆಗೆ ಕರೆತಂದ. ಎರಡು ವರ್ಷ ಮೊದಲೇ ಬಂದಿದ್ದರೆ ಏನಾದರೂ ನೋಡಬಹುದಿತ್ತು ಎಂದರು ಡಾಕ್ಟರು. ಆ ಮಾತು ನನ್ನನ್ನು ಇವತ್ತಿಗೂ ಕುಟುಕುತ್ತದೆ. ನಮ್ಮ ಮನೆತನದಲ್ಲಿ ಇನ್ನೊಬ್ಬರ ವಿಷಯದಲ್ಲಿ ಹೀಗೆ ತಡವಾಗಬಾರದು ಎಂಬುದು ನನ್ನ ಹಟ.

ಹಾಗಾಗಿ ಮೊದಲು ಹೋದದ್ದು ಕಾಕಾನ ಮನೆಗೇ. ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವನದು. ಕಾಕಾನಿಗೆ ಎಪ್ಪತ್ತೊಂದು, ಅವನ ಹೆಂಡತಿ, ನನ್ನ ಚಿಗವ್ವ ಸಾಯಬಮ್ಮನಿಗೆ ಅರವತ್ತಾರು. ಚಿಗವ್ವನಿಗೆ ಚಿತ್ರ ತೋರಿಸಿದರೆ, "ಇದ್ರಾಗೇನದ, ಎಲ್ಲಾರ ಮನ್ಯಾಗ ಇರೂದ ಅದ" ಎಂದು ಅದನ್ನು ಪಕ್ಕಕ್ಕೆ ಸರಿಸಿ, ಕಾಲುವೆಗೆ ಮೊದಲ ಸಲ ನೀರು ಬಂದ ದಿನದ ಕಥೆ ತೆಗೆದಳು. ಒಣ ಕಾಲುವೆಯ ತಳದಲ್ಲಿ ಹುಡುಗರು ಚಿಣಿಕೋಲು ಆಡುತ್ತಿದ್ದರಂತೆ. ನೀರು ಬರುವ ಮೊದಲು ಅದರ ಸಪ್ಪಳ ಬಂತಂತೆ. ಯಾರೋ ಮುದುಕಿ ಕುಂಕುಮ ಎರಚಿ ಕೈ ಮುಗಿದಳಂತೆ. ಎಲ್ಲೂ ತಡೆಯದೆ ಐದು ನಿಮಿಷ ಮುಗಿಸಿದಳು. ಹಸಿರು ಬಂತು.

ಪಕ್ಕದಲ್ಲೇ ಕೂತಿದ್ದ ಕಾಕಾನ ಸರದಿ. ಅವನು ಚಿತ್ರ ನೋಡಿ ಹೇಳಿದ್ದು ಹೀಗೆ: "ಒಂದು ಮನಿ ಅದ. ಒಂದು ಮನಿ ಅದ." ಸ್ವಲ್ಪ ಹೊತ್ತು ಸುಮ್ಮನಾದ. "ಅಂಗಳದಾಗ ಒಬ್ಬಾಕಿ ಹೆಣ್ಮಗಳು ನೀರು ಸೇದಾಕತ್ತಾಳ. ನೀರು ಸೇದಾಕತ್ತಾಳ." ಮತ್ತೆ ಸುಮ್ಮನಾದ. ಐದು ನಿಮಿಷವೂ ಇದೇ ನಡೆಯಿತು. ಫೋನು ಕೆಂಪಾಯಿತು.

ಅಪ್ಪನೇ ಕಣ್ಣ ಮುಂದೆ ಬಂದ. ಮರುಗಳಿಗೆಯೇ ನಗು ಬಂತು, ನನ್ನ ಪೆದ್ದುತನಕ್ಕೆ. ವೈರ್‌ಲೆಸ್ ಭಾಗಣ್ಣ ಎರಡು ಸಲ ಹೇಳದೆ ಇನ್ನೇನು ಮಾಡುತ್ತಾನೆ?

ಕಾಕಾ ಈ ನೀರಾವರಿ ಕ್ಯಾಂಪಿನಲ್ಲಿ ಮೂವತ್ತೆರಡು ವರ್ಷ ವೈರ್‌ಲೆಸ್ ಆಪರೇಟರ್ ಆಗಿದ್ದ. ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ನೀರಿನ ಮಟ್ಟ ಅಳೆಯುವ ಗೇಜ್ ಪಟ್ಟಿಗಳಿದ್ದವು. ಬೆಳಿಗ್ಗೆ ಆರಕ್ಕೆ ಅಲ್ಲಲ್ಲಿನ ಕಾವಲುಗಾರರು ತಮ್ಮ ಗೇಜ್ ನೋಡಿ ಸೆಟ್ಟಿನಲ್ಲಿ ಕಾಕಾನಿಗೆ ಹೇಳುತ್ತಿದ್ದರು. ಅವನು ಅದನ್ನು ಬರೆದುಕೊಂಡು ಎಂಜಿನಿಯರ್ ಸಾಹೇಬರಿಗೆ ತೋರಿಸಿ, ಯಾವ ಗೇಟು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ತಿರುಗಿ ಹೇಳುತ್ತಿದ್ದ. ಸೆಟ್ಟಿನಲ್ಲಿ ಒಗ್ಗರಣೆ ಹಾಕಿದಂಥ ಚರಚರ ಸದ್ದು. ಅದರ ನಡುವೆ ಹೇಳಿದ್ದು ಆ ಕಡೆ ಮುಟ್ಟಬೇಕೆಂದರೆ ಎರಡು ಸಲ ಹೇಳಬೇಕು, ಆ ಕಡೆಯವನು ಬರೆದುಕೊಳ್ಳುವ ತನಕ ಕಾಯಬೇಕು, ಅವನು 'ಬಂತು' ಅಂದ ಮೇಲೆ ಮುಂದಿನದು.

ಮೊದಲಿಗೆ ಕಾಕಾನೂ ಈ ನಿಯಮವನ್ನು ಅಷ್ಟು ಲೆಕ್ಕಕ್ಕಿಟ್ಟುಕೊಂಡಿರಲಿಲ್ಲ. ಕೆಲಸಕ್ಕೆ ಸೇರಿದ ಮರುವರ್ಷ ಮಗಳು ಮೌನೇಶ್ವರಿ ಹುಟ್ಟಿದ ಸುದ್ದಿ ಬಂದ ಬೆಳಿಗ್ಗೆ, ಗಡಬಡಿಯಲ್ಲಿ ಗೇಟಿನ ಅಳತೆಯನ್ನು ಒಂದೇ ಸಲ ಹೇಳಿ, ಉತ್ತರಕ್ಕೂ ಕಾಯದೆ ಓಡಿದ. ಆ ಕಡೆಯವನಿಗೆ ಅರ್ಧ ಕೇಳಿತ್ತು, ಉಳಿದರ್ಧ ಅವನೇ ಊಹಿಸಿಕೊಂಡ. ಗೇಟು ಹೆಚ್ಚು ಎದ್ದು, ಕೆಳಗೆ ಖಾಜಾಹುಸೇನ ಎಂಬ ರೈತ ಹಿಂದಿನ ದಿನವಷ್ಟೇ ಹಚ್ಚಿದ್ದ ಭತ್ತದ ಸಸಿ ಪೂರಾ ಕೊಚ್ಚಿಹೋಯಿತು. ಮರುದಿನ ಅವನು ಒಂದು ಬುಟ್ಟಿ ತುಂಬ ಕೆಸರು ಮೆತ್ತಿದ ಸಸಿ ತಂದು ವೈರ್‌ಲೆಸ್ ಮೇಜಿನ ಮೇಲಿಟ್ಟ. "ಭಾಗಣ್ಣ, ಮಗಳು ಹುಟ್ಯಾಳಂತ. ಭಾಳ ಖುಷಿ ಆತು" ಎಂದಷ್ಟೇ ಹೇಳಿ ಹೊರಟುಹೋದ. ಬೈದಿದ್ದರೆ ಕಾಕಾ ಎರಡು ದಿನಕ್ಕೆ ಮರೆಯುತ್ತಿದ್ದನೋ ಏನೋ. ಅವತ್ತಿನಿಂದ ಅವನ ಬಾಯಿಂದ ಯಾವ ಮಾತೂ ಒಂಟಿಯಾಗಿ ಬರಲಿಲ್ಲ.

ಮನೆಯಲ್ಲೂ ಅದೇ. "ಉಪ್ಪು ಕಮ್ಮಿ ಅದ. ಉಪ್ಪು ಕಮ್ಮಿ ಅದ" ಎಂದು ಹೇಳಿ, ತುತ್ತು ಕೈಯಲ್ಲಿ ಹಿಡಿದು ಕಾಯುತ್ತಿದ್ದ. "ಬಂತ್ರಿ, ಬಂತು. ನಾ ಏನು ಗೇಟ್ ಕಾಯಾಕಿ ಏನು?" ಎಂದು ಚಿಗವ್ವ ಉಪ್ಪಿನ ಡಬ್ಬಿಯನ್ನೇ ಅವನ ಮುಂದೆ ಕುಕ್ಕುತ್ತಿದ್ದಳು.

ನಾನು ಶಾಲೆಯ ರಜೆಗೆಲ್ಲ ಶಹಾಪುರದಿಂದ ಇಲ್ಲಿಗೆ ಬರುತ್ತಿದ್ದೆ. ಆ ವೈರ್‌ಲೆಸ್ ರೂಮಿನಷ್ಟು ಚೆಂದದ ಜಾಗ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಬ್ಯಾಟರಿಯ ಹುಳಿ ವಾಸನೆ, ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ಅದರ ಮೇಲೆ ಕಾಲು ಅಲ್ಲಾಡಿಸುತ್ತ ಕೂತ ನಾನು. ಮುಖ ನೋಡದ ಹತ್ತು ಹನ್ನೆರಡು ಗಂಡಸರ ದನಿ ನಮಗೆ ನೆಂಟರ ದನಿಯಷ್ಟು ಗುರುತಾಗಿತ್ತು. ನಾರಾಯಣಪುರದ ಕಡೆಯವನಿಗೆ ನೆಗಡಿಯಾದರೆ, ಬುತ್ತಿ ತಂದ ಚಿಗವ್ವ ಬಾಗಿಲಲ್ಲೇ ನಿಂತು ಮೆಣಸಿನ ಸಾರು ಮಾಡುವ ಬಗೆ ಹೇಳುತ್ತಿದ್ದಳು. ಕಾಕಾ ಗಂಭೀರವಾಗಿ ಅದನ್ನೂ ಎರಡೆರಡು ಸಲ ಸೆಟ್ಟಿನಲ್ಲಿ ಹೇಳುತ್ತಿದ್ದ. "ಮೆಣಸು ನಾಕು ಕಾಳು. ಮೆಣಸು ನಾಕು ಕಾಳು. ಓವರ್." ಕಾಲುವೆಯ ಉದ್ದಕ್ಕೂ ಇದ್ದವರೆಲ್ಲ ಆ ಸಾರು ಕಲಿತರು. ಈಗ ಆ ರೂಮಿನ ಮಾಡು ಕುಸಿದಿದೆ, ಒಳಗೆ ಜಾಲಿ ಬೆಳೆದಿದೆ. ನೀರಿನ ಮಟ್ಟ ಯಾರ ಬಾಯಿಯನ್ನೂ ಹಾಯದೆ ನೇರ ಕಂಪ್ಯೂಟರಿಗೆ ಹೋಗುತ್ತದಂತೆ. ಒಳ್ಳೆಯದೇ ಇರಬೇಕು. ನಾನು ಮಾತ್ರ ಆ ದಾರಿಯಲ್ಲಿ ಹೋಗುವಾಗ ಇವತ್ತಿಗೂ ಒಮ್ಮೆ ಒಳಗೆ ಇಣುಕುತ್ತೇನೆ.

ಇದನ್ನೆಲ್ಲ ಅರ್ಜುಮಂದ ಮೇಡಂಗೆ ನಗುನಗುತ್ತ ಹೇಳಿದೆ. "ರೋಗ ಅಲ್ರಿ ಮೇಡಂ, ನೌಕರಿ ರೂಢಿ." ಅವರೂ ನಕ್ಕರು. ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚುತ್ತ ಕೇಳಿದರು, "ರಿಟೈರ್ ಆಗಿ ಹತ್ತು ವರ್ಷದ ಮ್ಯಾಲ ಆತಲ್ಲ ರೇವತಿ? ಅವತ್ತಿಂದ ಇವತ್ತಿನ ತನಾ ಹಿಂಗ ಮಾತಾಡಾಕತ್ತಾರೇನು?"

ಹೌದು ಅನ್ನಲು ಹೊರಟಾಗಲೇ ನೆನಪಾಯಿತು. ಇಲ್ಲ. ನಿವೃತ್ತಿಯ ದಿನ ಶಾಲು ಹೊದ್ದುಕೊಂಡು ಮನೆಗೆ ಬಂದ ಕಾಕಾನನ್ನು ಚಿಗವ್ವ ಹೊಸ್ತಿಲಲ್ಲೇ ತಡೆದಿದ್ದಳು. "ಸೆಟ್ ಆಫೀಸಿಗೆ ಕೊಟ್ಟು ಬಂದೀರಿ. ಆ ಎರಡೆರಡು ಮಾತೂ ಅಲ್ಲೇ ಕೊಟ್ಟು ಬರ್ರಿ, ಇಲ್ಲಾಂದ್ರ ಒಳಗ ಬಿಡಂಗಿಲ್ಲ." ಓಣಿಯೆಲ್ಲ ನಕ್ಕಿತ್ತು. ತಪ್ಪಿದಾಗಲೆಲ್ಲ ಅವಳು ಕೆಮ್ಮುವಳು, ಇವನು ಬಾಯಿ ಮುಚ್ಚುವನು. ಆರು ತಿಂಗಳಲ್ಲಿ ರೂಢಿ ಬಿಟ್ಟೇ ಹೋಯಿತು. ಎಷ್ಟೋ ವರ್ಷ ಎಲ್ಲರ ಹಾಗೆ ಒಂದೇ ಸಲ ಮಾತಾಡಿದ. ಮತ್ತೆ ಎರಡು ಸಲ ಶುರುವಾದದ್ದು ಯಾವಾಗ? ನೆನಪಿಸಿಕೊಂಡೆ. ಎರಡು ವರ್ಷವಾಗಿರಬೇಕು. ನಾನು ವಾರಕ್ಕೆ ನಾಲ್ಕು ಸಲ ಆ ಮನೆಯಲ್ಲಿ ಚಹಾ ಕುಡಿದವಳು ಅದನ್ನು ಕೇಳಿಯೂ ಕೇಳಿರಲಿಲ್ಲ. ಊರಿನ ಮುದುಕರ ಮಾತನ್ನೆಲ್ಲ ಫೋನಿಗೆ ತುಂಬುವವಳ ಮನೆಯಲ್ಲೇ ಹೀಗೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ನನಗೇ ಹೇಳಿ ಮಾಡಿಸಿದ ಗಾದೆ.

 ಅಪ್ಪನಿಗೆ ಬಂದದ್ದು ಈಗ ಅವನ ತಮ್ಮನಿಗೂ ಬಂತು ಎಂದೇ ತಿಳಿದೆ. ಆದರೂ ಇನ್ನೊಂದು ಸಲ ನೋಡೋಣವೆಂದು ಮರುದಿನ ಕಾಕಾನನ್ನು ನಮ್ಮ ಮನೆಗೆ ಕರೆಸಿ, ಒಬ್ಬನನ್ನೇ ಕೂರಿಸಿ, ಬೇರೆ ಚಿತ್ರ ತೋರಿಸಿದೆ.

ಕಾಕಾ ಮಾತಾಡಿದ. ಸಂತೆಯ ಚಿತ್ರವದು. ಬಳೆಗಾರ, ಕುರಿ ಮಾರುವವನು, ಚಪ್ಪಲಿ ಕಿತ್ತುಹೋದ ಹುಡುಗಿ, ಎಲ್ಲವನ್ನೂ ಸರಸರ ಹೇಳಿದ. ಒಂದು ಮಾತೂ ಎರಡಾಗಲಿಲ್ಲ. ಫೋನು ಹಸಿರು ತೋರಿಸಿತು.

ಅವನು ಹೋದ ಮೇಲೆ ಫೋನಿನಲ್ಲಿ ಉಳಿದಿದ್ದ ಎರಡೂ ದಿನದ ಮಾತನ್ನು ಹಾಕಿ ಕೇಳಿದೆ. ಮೊದಲನೆಯದನ್ನು ಮೂರು ಸಲ ಕೇಳಿದೆ. ಕಾಕಾ ಒಂದು ಮಾತು ಹೇಳುತ್ತಾನೆ, ಮತ್ತೆ ಹೇಳುತ್ತಾನೆ, ನಿಲ್ಲುತ್ತಾನೆ. ಆ ನಿಂತ ಜಾಗದಲ್ಲಿ ಬಹಳ ಸಣ್ಣದಾಗಿ ಚಿಗವ್ವನ "ಹೂಂ" ಕೇಳುತ್ತದೆ. ಹೂಂ ಬಂದ ಮೇಲೆಯೇ ಅವನು ಮುಂದಿನದಕ್ಕೆ ಹೋಗುತ್ತಾನೆ. ಅವನು ಫೋನಿಗೆ ಹೇಳುತ್ತಿರಲಿಲ್ಲ. ಚಿತ್ರದಲ್ಲಿ ಏನಿದೆಯೆಂದು ಪಕ್ಕದಲ್ಲಿ ಕೂತವಳಿಗೆ ಹೇಳುತ್ತಿದ್ದ. ಅಂದರೆ ತಡಕಾಡುತ್ತಿದ್ದವಳು ಅವಳು.

ನಂಬಲಿಕ್ಕಾಗಲಿಲ್ಲ. ಚಿಗವ್ವ ಅಂದರೆ ಆ ಓಣಿಯ ಪಂಚಾಂಗ. ಯಾರ ಮಗು ಯಾವ ಅಮಾವಾಸ್ಯೆಗೆ ಹುಟ್ಟಿತು, ಯಾರ ಮದುವೆಗೆ ಎಷ್ಟು ಮಂದಿ ಉಂಡರು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಅವಳಿಗೆ ಮರೆವೇ? ಬೆಳಗಾಗುತ್ತಲೇ ಹೋದೆ. ಕಾಕಾ ಹಾಲು ತರಲು ಹೋಗಿದ್ದ. ಚಿಗವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಫೋನನ್ನು ಚಾಲೂ ಮಾಡಿ ಪಕ್ಕಕ್ಕಿಟ್ಟು, ಪಟ್ಟಿಯಲ್ಲಿಲ್ಲದ ಪ್ರಶ್ನೆ ಒಂದನ್ನು ಕೇಳಿದೆ. "ಚಿಗವ್ವ, ಇವತ್ತು ಮುಂಜಾನಿ ಎದ್ದು ಏನೇನ್ ಮಾಡ್ದಿ?"

"ಏನ್ ಮಾಡ್ತೀನವ್ವ, ದಿನಾ ಇದ್ದದ್ದ. ನಸಿಕಿನ್ಯಾಗ ಎದ್ದು ಅಂಗಳಕ್ಕ ನೀರು ಹಾಕ್ದೆ. ಮೌನೇಶ್ವರಿಗೆ ಎರಡು ಜಡಿ ಹಾಕಿ ಸಾಲಿಗೆ ಕಳಿಸ್ದೆ. ಅಕಿದು ಒಂದು ರಿಬ್ಬನ್ ಸಿಗಲಿಲ್ಲ, ಅಳಾಕತ್ಳು. ನನ್ನ ಹಳೀ ಸೀರಿ ಅಂಚು ಹರದು ಕಟ್ದೆ, ಆಗ ಸುಮ್ಮಾದ್ಳು. ಆಮ್ಯಾಲ ನಿಮ್ಮ ಕಾಕಾಗ ಬುತ್ತಿ ಒಯ್ದೆ. ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆ ಸೆಟ್ಟಿನಾಗ ಯಾರೋ ಕೆಮ್ಮಾಕತ್ತಿದ್ರು. ಪಾಪ, ಅವ್ರಿಗೆ ಹೆಂಡ್ತಿ ಇಲ್ಲೇನೋ. ಬರೂವಾಗ ಕಾಲವಿ ದಂಡಿ ಮ್ಯಾಲ ಬಂದೆ, ನೀರು ತುಂಬಿ ಹರಿಯಾಕತ್ತದ, ಬಿಸಲು ಬಿದ್ದು ಕಣ್ಣು ಕುಕ್ತಿತ್ತು."

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಒಂದು ಗಳಿಗೆ ಆ ಬೆಳಿಗ್ಗೆಯೊಳಗೆ ಹೋಗಿ ಕೂತುಬಿಟ್ಟಿದ್ದೆ. ಅಪ್ಪ ಬದುಕಿದ್ದ ಬೆಳಿಗ್ಗೆ ಅದು. ಅಲ್ಲೇ ಇರಬೇಕೆನಿಸಿತು. ಆಮೇಲೆ ಮೌನೇಶ್ವರಿ ನೆನಪಾದಳು. ಅವಳು ಈಗ ಸುರಪುರದಲ್ಲಿ ಟೀಚರ್, ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ.

ಫೋನು ನೋಡಿದೆ. ಹಸಿರು. ಎಲ್ಲಿಯೂ ನಿಲ್ಲದ, ತಡವರಿಸದ ಮಾತು. ಫೋನಿನ ತಪ್ಪೇನೂ ಇಲ್ಲ, ಆ ಬೆಳಿಗ್ಗೆ ನಡೆದು ಮೂವತ್ತೈದು ವರ್ಷವಾಯಿತೆಂದು ಅದಕ್ಕೆ ಹೇಳಿದವರಾರು?

ನನ್ನ ಬೆನ್ನ ಹಿಂದೆ ಕಾಕಾ ಹಾಲಿನ ಚೀಲ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನನ್ನು ಹಿತ್ತಲಿಗೆ ಕರೆದೊಯ್ದು ಜಗಳಕ್ಕೇ ನಿಂತೆ. "ನಮ್ಮಪ್ಪಗ ಆದದ್ದು ಕಣ್ಣಾರೆ ನೋಡಿನೂ ಮುಚ್ಚಿಟ್ಟಿಯಲ್ಲ ಕಾಕಾ?"

"ನೋಡೀನಿ ಅಂತನ ಮುಚ್ಚಿಟ್ಟೆ" ಎಂದ ಕಾಕಾ. "ಅಣ್ಣನ ಕೈ ಹಿಡಕೊಂಡು ಆ ಬಸ್ ಸ್ಟ್ಯಾಂಡಿನಾಗ ನಾ ನಿಂತಿದ್ದೆ, ನೀ ಅಲ್ಲ. ಮಂದಿ ನಕ್ಕಿದ್ದು ನನಗ ಗೊತ್ತದ. ಇಕಿ ಹತ್ರ ಓಣಿ ಹೆಣ್ಮಕ್ಕಳೆಲ್ಲ ತಿಥಿ ವಾರ ಕೇಳಾಕ ಬರ್ತಾರ. ಇಕಿಗೆ ನಕ್ರ ನಾ ತಡಕೊಳ್ಳಂಗಿಲ್ಲ ತಂಗಿ."

ಆಮೇಲೆ ತಾನಾಗಿಯೇ ಹೇಳಿದ. "ಮುಂಜಾನಿ ಎದ್ದ ಕೂಡ್ಲೆ 'ಇವತ್ತು ಮಂಗಳವಾರ, ಮಂಗಳವಾರ' ಅಂತೀನಿ. ಬಾಜು ಮನಿ ಲಾಲಮ್ಮ ಬಂದ್ರ, 'ಲಾಲಮ್ಮ ಬಂದಾಳ ನೋಡು, ಲಾಲಮ್ಮ' ಅಂತೀನಿ. ಒಮ್ಮಿ ಹೇಳಿದ್ದು ಜಾರಿ ಹೋಗ್ತದ, ಎರಡನೇ ಸಲ ಹೇಳಿದ್ದು ಹಿಡಕೋತಾಳ. ದೀಪಾವಳಿ ತನಾ ಹಿಡಕೋತಿದ್ಳು. ಈಗ ಎರಡು ಸಲನೂ ಸಾಲಾಕತ್ತಿಲ್ಲ."

ಹಾಲಿನ ಚೀಲವನ್ನು ಇನ್ನೂ ಹಿಡಿದೇ ಇದ್ದ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ಅತ್ತುಬಿಟ್ಟೆ. ಅವನೂ ಅತ್ತ. ಒಳಗಿನಿಂದ ಚಿಗವ್ವ, "ಹಾಲು ತಂದ್ರೇನು?" ಎಂದು ಎರಡು ಸಲ ಕೂಗಿದಳು.

ಈಗ ಉಳಿದದ್ದು ಅವಳನ್ನು ಯಾದಗಿರಿಗೆ ಒಯ್ಯುವುದು. ನಿನಗೆ ಮರೆವು ಬಂದಿದೆ ಎಂದರೆ ಅವಳು ಹೊಸ್ತಿಲು ದಾಟುವವಳಲ್ಲ. ದಾಟಿದರೂ ಮನಸ್ಸು ಮುರಿದುಹೋಗುತ್ತದೆ. ಕಾಕಾ ಸ್ವಲ್ಪ ಯೋಚಿಸಿ ಕೇಳಿದ, "ನಿನ್ನ ಫೋನಿನಾಗ ನನಗ ಕೆಂಪು ಬಂದದಲ್ಲ, ಅದು ಇನ್ನೂ ಅದಯೇನು?" ಇತ್ತು. ಅದನ್ನೇ ಚಿಗವ್ವನಿಗೆ ತೋರಿಸಿದೆವು. ಅವಳು ಕೆಂಪು ಬಣ್ಣವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ನಾ ಅಂದಿದ್ದೆ ಇಲ್ಲ? ಇವ್ರು ಈಚೀಚೆ ಹೇಳಿದ್ದ ಹೇಳಾಕತ್ತಾರ. ನಡೀರಿ, ತೋರಿಸ್ಕೊಂಡು ಬರೂಣು" ಎಂದು ತಾನೇ ಮುಂದಾದಳು.

ಯಾದಗಿರಿಯ ಡಾಕ್ಟರಮ್ಮ ನನಗೆ ಆಮೇಲೆ ಹೇಳಿದ್ದನ್ನು ಈಗಲೇ ಹೇಳಿಬಿಡುತ್ತೇನೆ, ನೀವು ಸುಮ್ಮನೆ ಆತಂಕ ಪಡಬೇಡಿ. ಇನ್ನೂ ಮೊದಲ ಹಂತ, ಪೂರ್ತಿ ವಾಸಿಯಾಗುವುದಲ್ಲ, ಆದರೆ ಬೇಗ ಬಂದಿದ್ದೀರಿ, ನಿಧಾನ ಮಾಡಲು ದಾರಿಯಿದೆ ಎಂದರು. 'ಬೇಗ ಬಂದಿದ್ದೀರಿ' ಎಂಬ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ.

ಬಸ್ಸಿನಲ್ಲಿ ಚಿಗವ್ವ ಕಾಕಾನನ್ನು ಕಿಟಕಿಯ ಕಡೆ ಕೂರಿಸಿ ತಾನು ಈಚೆ ಕೂತಳು, ಎಲ್ಲಾದರೂ ಎದ್ದು ಇಳಿದುಬಿಟ್ಟಾನೆಂದು. ಭೀಮಾ ನದಿಯ ಸೇತುವೆ ದಾಟುವಾಗ ಅವನ ಅಂಗಿಯ ತುದಿ ಹಿಡಿದುಕೊಂಡಳು. ನಾನು ಮೊದಲೇ ಫೋನು ಮಾಡಿ ಎಲ್ಲ ತಿಳಿಸಿದ್ದರಿಂದ ಡಾಕ್ಟರಮ್ಮ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ಕಾಕಾನ ಕಡೆಗೇ ತಿರುಗಿ ಕೇಳಿದರು. "ಈಗ ಯಾವ ತಿಂಗಳು ನಡದದ ಹೇಳ್ರಿ?"

ಮೂವತ್ತೆರಡು ವರ್ಷ ದಿನದಿನದ ತಾರೀಖು ಬರೆದು ಗೇಜ್ ತುಂಬಿದವನು, ಇವತ್ತಿಗೂ ಕ್ಯಾಲೆಂಡರಿನ ಹಾಳೆ ತಪ್ಪದೆ ಹರಿಯುವವನು ಕಾಕಾ. ಅವನು ಒಮ್ಮೆ ಹೆಂಡತಿಯ ಮುಖ ನೋಡಿದ. ತಲೆ ಕೆಳಗೆ ಹಾಕಿ, "ಗೊತ್ತಾಗವಲ್ದರಿ" ಎಂದ.

"ಹಂಗಾದ್ರ ನೀವು ಹೇಳ್ರಿ ಅಮ್ಮ" ಎಂದರು ಡಾಕ್ಟರಮ್ಮ.

"ಶ್ರಾವಣ ಅಲ್ಲೇನ್ರಿ" ಎಂದಳು ಚಿಗವ್ವ. ಹೊರಗೆ ಮಾಘದ ಬಿಸಿಲಿತ್ತು.

ಹೀಗೇ ನಡೆಯಿತು. ಇದು ಯಾವ ಊರು, ಬೆಳಿಗ್ಗೆ ಏನು ತಿಂದಿರಿ, ಇಲ್ಲಿಗೆ ಯಾವುದರಲ್ಲಿ ಬಂದಿರಿ. ಪ್ರತಿ ಪ್ರಶ್ನೆಗೂ ಕಾಕಾ ಗೊತ್ತಿಲ್ಲವೆಂದು ತಲೆಯಾಡಿಸಿದ, ಪ್ರತಿ ಪ್ರಶ್ನೆಯೂ ಚಿಗವ್ವನ ಕಡೆ ಹೋಯಿತು, ಡಾಕ್ಟರಮ್ಮ ಅವಳ ಉತ್ತರಗಳನ್ನು ಬರೆದುಕೊಳ್ಳುತ್ತ ಹೋದರು. ಜೀವಮಾನವೆಲ್ಲ ಒಂದು ಅಂಕಿ ತಪ್ಪಬಾರದೆಂದು ಬಾಳಿದ ಮನುಷ್ಯ ಅಪರಿಚಿತರ ಮುಂದೆ ಏನೂ ತಿಳಿಯದವನಂತೆ ಕೂತಿದ್ದ. ನಾನು ಗೋಡೆಯ ಕಡೆ ಮುಖ ಮಾಡಿದೆ.

ಐದಾರು ಪ್ರಶ್ನೆಯಾದ ಮೇಲೆ ಚಿಗವ್ವನಿಗೆ ಗಂಡನ ಮೇಲೆ ಮರುಕ ಬಂತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡ್ರಿ, ಅಂಜಬ್ಯಾಡ್ರಿ" ಎಂದಳು. "ನಾ ಅದೀನಲ್ಲ, ಎಲ್ಲಾ ನಾ ನೆನಪಿಟ್ಕೋತೀನಿ."